ಲಂಕೆಯಲ್ಲಿ ಹೋಲ್ಡಾನ್

ಪ್ಯಾಕೇಜ್ ಟೂರ್ ಅಂದರೆ ನನಗೆ ಆಗಿಬರುವುದಿಲ್ಲ. ಹೊರಗೆ ಹೇಳಿಕೊಳ್ಳುವ ಕಾರಣ ಸ್ವಾತಂತ್ರ್ಯಪ್ರೇಮ, ಒಳಗಿನ ಕಾರಣ ಜುಗ್ಗತನ. ಶ್ರೀಲಂಕಾಕ್ಕೆ ಎಷ್ಟಾಗುತ್ತೆ ಅಂತ ಟ್ರಾವೆಲ್ಸಿನಲ್ಲಿ ವಿಚಾರಿಸಿ, ಮೊತ್ತ ಕೇಳಿ, ಕೊಟ್ಟ ಟೀ ಕೂಡ ಪೂರ್ತಿ ಕುಡಿಯದೆ ಎದ್ದು ಬಂದೆ. ಮನೆಯಲ್ಲಿ ಭಾಮೈದನನ್ನು ಎದುರಿಗೆ ಕೂರಿಸಿಕೊಂಡು ಲೆಕ್ಕ ಒಪ್ಪಿಸಿದೆ. ಇಡೀ ದ್ವೀಪ ನಮ್ಮ ಕರ್ನಾಟಕದ ಮೂರನೇ ಒಂದು ಪಾಲು. ಅಲ್ಲೂ ತೆಂಗು, ಅಲ್ಲೂ ಅನ್ನ. ಅಲ್ಲಿ ಓಡುವುದೂ ಅಶೋಕ್ ಲೇಲ್ಯಾಂಡ್ ಬಸ್ಸೇ, ರೈಲು ಹಳಿಯೂ ನಮ್ಮಷ್ಟೇ ಅಗಲದ ಬ್ರಾಡ್‌ಗೇಜ್. ದಾರಿ ತಪ್ಪಿದರೂ ಎಷ್ಟು ತಪ್ಪೀತು? ಎಲ್ಲೋ ಒಂದು ಕಡೆ ಸಮುದ್ರ ಅಡ್ಡ ಬರಲೇಬೇಕಲ್ಲ! “ಲೋಕಲ್ ಬಸ್ಸು, ಥರ್ಡ್ ಕ್ಲಾಸ್ ರೈಲು. ನಾನಿದ್ದೀನಿ, ನೀನು ಸುಮ್ಮನೆ ಹಿಂದೆ ಬಾ” ಎಂದೆ. “ಹೂಂ ಭಾವ” ಎಂದ. ಅವನು ಮಾತು ಕಡಿಮೆ. ಬೋರ್ಡು, ನಕಾಶೆ, ಟಿಕೆಟ್ಟಿನ ಹಿಂಬದಿ ಎಲ್ಲ ಓದುವ ಕೆಟ್ಟ ಚಾಳಿ ಇದೆ, ಅಷ್ಟೆ.

ಕಟುನಾಯಕೆ ವಿಮಾನ ನಿಲ್ದಾಣದಿಂದ ಕೊಳಂಬೊಗೆ 187ನೇ ನಂಬರಿನ ಬಸ್ಸು. ಅದನ್ನು ಹತ್ತುವ ತನಕ ಎಲ್ಲ ಸುಸೂತ್ರ. ಇಳಿದ ಮೇಲೆ ಬಾಯಾರಿತು. ರಸ್ತೆ ಬದಿಯಲ್ಲಿ ನಮ್ಮ ಗೆಂದಾಳಿಯ ಹಾಗೆ ಕಿತ್ತಳೆ ಬಣ್ಣದ ಎಳನೀರು. ಅವರು ತಂಬಿಲಿ ಅನ್ನುತ್ತಾರೆ. ಒಂದಕ್ಕೆ 200 ರೂಪಾಯಿ ಎಂದರು. ನಮ್ಮ ಒಂದು ರೂಪಾಯಿಗೆ ಅಲ್ಲಿನ ಮೂರೂವರೆ ರೂಪಾಯಿಯ ಆಸುಪಾಸು. ಭಾಗಿಸಬೇಕಾದ ಕಡೆ ನಾನು ಗುಣಿಸಿದೆ. ಎಳನೀರಿಗೆ ಏಳುನೂರು! ಎದೆ ಧಸಕ್ಕೆಂದಿತು. ಬಿಸಿಲಿನಲ್ಲಿ ನಿಂತು, ಬೆವರು ಸುರಿಸಿ, ಕೈಬಾಯಿ ತಿರುಗಿಸಿ ಚೌಕಾಸಿ ಮಾಡಿದೆ. ಪಾಪ, ಆತ ನನ್ನ ಅವಸ್ಥೆ ನೋಡಲಾರದೆ 20 ರೂಪಾಯಿ ಬಿಟ್ಟ. ಗೆದ್ದವನ ಗತ್ತಿನಲ್ಲಿ ಭಾಮೈದನ ಕಡೆ ನೋಡಿದೆ. “ಭಾವ, ಮೊದಲೇ ನಮ್ಮ ಐವತ್ತೇಳು ರೂಪಾಯಿ ಇತ್ತು. ಆರು ರೂಪಾಯಿ ಉಳಿಸಿದಿರಿ” ಎಂದ. ಚೌಕಾಸಿಯಲ್ಲಿ ಆದ ಬಾಯಾರಿಕೆಗೆ ಇನ್ನೊಂದು ಕುಡಿಯಬೇಕಾಯಿತು.

ಕೊಳಂಬೊದಿಂದ ದಂಬುಲ್ಲಕ್ಕೆ ಬಸ್ಸು ಹಿಡಿದೆವು. ಒಳಗೆ ಕಾಲಿಡಲು ಜಾಗವಿಲ್ಲ. ಆದರೆ ಏನಾಶ್ಚರ್ಯ, ಡ್ರೈವರ್ ಹಿಂದಿನ ಸೀಟು ಪೂರ್ತಿ ಖಾಲಿ! ಕಿಟಕಿಯ ಮೇಲೆ ಸಿಂಹಳದಲ್ಲಿ ಏನೋ ಬರೆದಿತ್ತು. ಸಿಂಹಳ ಲಿಪಿ ನಮ್ಮದರ ಹಾಗೇ ದುಂಡು ದುಂಡು. ಕನ್ನಡ ಬಲ್ಲವನು ಕಣ್ಣು ಸ್ವಲ್ಪ ಕಿರಿದು ಮಾಡಿದರೆ ಓದಿಬಿಡಬಹುದು ಎಂಬುದು ನನ್ನ ಸಿದ್ಧಾಂತ. ಕಿರಿದು ಮಾಡಿ ಓದಿದೆ. ‘ದೂರದಿಂದ ಬಂದ ಅತಿಥಿಗಳಿಗೆ’ ಎಂದೇ ಇತ್ತು. ಎಂಥ ಸಂಸ್ಕಾರವಂತ ದೇಶ ಎಂದುಕೊಂಡು ಆರಾಮಾಗಿ ಕೂತೆ. ನಿಂತವರೆಲ್ಲ ನನ್ನನ್ನೇ ನೋಡುತ್ತಿದ್ದರು. ನಾನೂ ಒಬ್ಬೊಬ್ಬರಿಗೂ ಕೃತಜ್ಞತೆಯಿಂದ ತಲೆಬಾಗಿದೆ. ಎರಡು ಸ್ಟಾಪ್ ಆದ ಮೇಲೆ ವಯಸ್ಸಾದ ಬೌದ್ಧ ಭಿಕ್ಷು ಒಬ್ಬರು ಹತ್ತಿದರು. ಬಸ್ಸಿಗೆ ಬಸ್ಸೇ ಸರಿದು ದಾರಿ ಬಿಟ್ಟಿತು. ನಾನು ಉದಾರವಾಗಿ ಒಂದಿಷ್ಟು ಸರಿದು, ಪಕ್ಕದ ಜಾಗ ತಟ್ಟಿ, “ಬನ್ನಿ ಸ್ವಾಮಿ, ಜಾಗ ಇದೆ” ಎಂದು ಕರೆದೆ. ಅಷ್ಟರಲ್ಲಿ ಜನರ ನಡುವಿನಿಂದ ಭಾಮೈದನ ದನಿ: “ಭಾವ, ಕೆಳಗೆ ಇಂಗ್ಲಿಷಿನಲ್ಲೂ ಬರೆದಿದೆ. ಅದು ಧರ್ಮಗುರುಗಳಿಗೆ ಮೀಸಲು.” ಧಡಕ್ಕನೆ ಎದ್ದೆ. ಡ್ರೈವರಿಗೂ ಅದೇ ಗಳಿಗೆಗೆ ಬ್ರೇಕು ಹಾಕಬೇಕೇ? ಮತ್ತೆ ಕೂತೆ; ಈ ಸಲ ಕೂತದ್ದು ಅವರ ಛತ್ರಿಯ ಮೇಲೆ. ಒಂದು ಕಡ್ಡಿ ಮುರಿದ ಸದ್ದು ನನಗೂ ಕೇಳಿಸಿತು, ಅವರಿಗೂ ಕೇಳಿಸಿತು. ಅವರು ನಕ್ಕು ನನ್ನ ಭುಜ ತಟ್ಟಿದರು. ಬೈದಿದ್ದರೆ ಎಷ್ಟೋ ಸಮಾಧಾನ ಆಗುತ್ತಿತ್ತು.

ಮಾರನೆಯ ದಿನ ಸಿಗಿರಿಯ ಕಡೆ ಹೊರಟೆವು. ಹಬರಣೆಗೆ ಹೋಗುವ ಬಸ್ಸು ಹತ್ತಿ ಇನಾಮಲುವ ಕೂಡುರಸ್ತೆಯಲ್ಲಿ ಇಳಿಯಬೇಕು. ಅಲ್ಲಿನ ಬಸ್ಸುಗಳು ನಿಲ್ಲುವುದಕ್ಕಿಂತ ನಿಂತ ಹಾಗೆ ಮಾಡುವುದೇ ಜಾಸ್ತಿ. ಅಭ್ಯಾಸ ಇರುವವರು ಹೂವಿನ ಹಾಗೆ ಇಳಿದು ನಡೆದುಬಿಡುತ್ತಾರೆ. ಸ್ಪೀಕರಿನಲ್ಲಿ ಬೈಲಾ ಹಾಡು ಕಿವಿ ಹರಿಯುವ ಹಾಗೆ. ಇನಾಮಲುವ ಬೋರ್ಡು ಕಿಟಕಿಯಲ್ಲಿ ಸರ್ರನೆ ಹೋಯಿತು. ಇಷ್ಟು ವರ್ಷ ಸರ್ಕಾರಿ ಬಸ್ಸಿನಲ್ಲಿ ಓಡಾಡಿದ ನಾಲಿಗೆ ತಾನೇ ತಾನಾಗಿ ಕಿರುಚಿತು: “ಹೋಲ್ಡಾನ್! ಹೋಲ್ಡಾನ್!” ನಮ್ಮಲ್ಲಾದರೆ ಈ ಮಂತ್ರಕ್ಕೆ ಬಸ್ಸು ನಿಂತಲ್ಲೇ ನಿಲ್ಲುತ್ತದೆ. ಅಲ್ಲಿಯವರಿಗೆ ಇಂಗ್ಲಿಷು ಇಂಗ್ಲಿಷಿನ ಹಾಗೇ ಕೇಳಿಸಿತು. ಎದುರಿಗೆ ಏನೋ ಅಪಾಯ ಕಂಡು ಎಚ್ಚರಿಸುತ್ತಿದ್ದಾನೆ ಎಂದು ಇಡೀ ಬಸ್ಸು ಮೇಲಿನ ಕಂಬಿ ಗಟ್ಟಿಯಾಗಿ ಹಿಡಿದುಕೊಂಡಿತು. ಅಜ್ಜಿಯೊಬ್ಬರು ನನ್ನ ಕೈಯನ್ನೂ ಎತ್ತಿ ಕಂಬಿಗೆ ಹಿಡಿಸಿದರು. ಹೀಗೆ ಎಲ್ಲರೂ ಭದ್ರವಾಗಿ ಹಿಡಿದುಕೊಂಡು ಹಬರಣೆಯ ತನಕ ಹೋದೆವು. ಅಲ್ಲಿ ಇಳಿದು, ಖರ್ಚು ಯಾಕೆ, ಸ್ವಲ್ಪ ದೂರ ಹಿಂದಕ್ಕೆ ನಡೆಯೋಣ ಎಂದೆ. ಎದುರು ಬಂದ ಪುಣ್ಯಾತ್ಮನೊಬ್ಬ ಕೈಯನ್ನು ಸೊಂಡಿಲಿನ ಹಾಗೆ ಆಡಿಸಿ ಮುಂದಕ್ಕೆ ತೋರಿಸಿದ. ಆ ಸೀಮೆಯಲ್ಲಿ ಕಾಡಾನೆಗಳು ರಸ್ತೆಗೆ ಬರುತ್ತವೆ. ಉಳಿಸಿದ ಆರು ರೂಪಾಯಿಯನ್ನೂ ಸೇರಿಸಿ ತ್ರೀವೀಲರಿಗೆ ಕೊಟ್ಟೆವು.

ಸಿಗಿರಿಯ ಅಂದರೆ ಐದನೇ ಶತಮಾನದಲ್ಲಿ ಕಾಶ್ಯಪ ರಾಜ ಬಂಡೆಯ ನೆತ್ತಿಯ ಮೇಲೆ ಕಟ್ಟಿಸಿದ ಅರಮನೆ. 1982ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಸಾರ್ಕ್ ದೇಶದವರಿಗೆ ಟಿಕೆಟ್ಟಿನಲ್ಲಿ ರಿಯಾಯಿತಿ ಉಂಟು, ಆದರೂ ದರ ಡಾಲರಿನಲ್ಲಿ. ಡಾಲರ್ ಎಂಬ ಅಕ್ಷರ ನೋಡಿದೊಡನೆ ನನ್ನ ಇತಿಹಾಸಪ್ರೇಮ ಇಳಿಮುಖವಾಯಿತು. ಅದರ ಎದುರಿಗೇ ಪಿದುರಂಗಲ ಅಂತ ಇನ್ನೊಂದು ಬಂಡೆ ಇದೆ. ಅರಮನೆಗಾಗಿ ಸಿಗಿರಿಯದಲ್ಲಿದ್ದ ಭಿಕ್ಷುಗಳನ್ನು ರಾಜ ಅಲ್ಲಿಗೆ ಕಳಿಸಿದ ಎನ್ನುತ್ತಾರೆ. ಟಿಕೆಟ್ಟು ಅಗ್ಗ, ಮೇಲಿಂದ ಸಿಗಿರಿಯ ಪೂರ್ತಿ ಕಾಣುತ್ತದೆ, ಸೂರ್ಯೋದಯವಂತೂ ಅಲ್ಲಿಂದಲೇ ಚೆಂದ. ನನ್ನಂಥವರಿಗೆಂದೇ ಮಾಡಿದ ಬಂಡೆ.

ಬೆಳಗಿನ ಜಾವ ಟಾರ್ಚು ಹಿಡಿದು ಹೋದೆವು. ಬುಡದಲ್ಲಿ ದೇವಸ್ಥಾನ, ಮೊಣಕಾಲು ಮುಚ್ಚಿರಬೇಕು. ನಾನು ಬರ್ಮುಡಾದಲ್ಲಿದ್ದೆ. ಅಲ್ಲಿಯವರು ಒಂದು ಸರೋಂಗ್ ಕೊಟ್ಟರು, ಅಂದರೆ ನಮ್ಮ ಲುಂಗಿ. ಲುಂಗಿ ಉಡುವುದನ್ನು ನನಗೆ ಯಾರು ಹೇಳಿಕೊಡಬೇಕು? ಉಟ್ಟು ಹೊರಟೆ. ಮಲಗಿದ ಬುದ್ಧನ ಇಟ್ಟಿಗೆಯ ದೊಡ್ಡ ವಿಗ್ರಹ ದಾಟುವ ತನಕ ಮೆಟ್ಟಿಲು. ಆಮೇಲೆ ಬಂಡೆಗಳ ಮೇಲೆ ತೆವಳಿ, ಕೊನೆಗೆ ಒಂದು ಸಂದಿಯಲ್ಲಿ ನುಸುಳಬೇಕು. ಭಾಮೈದ ಹಾವಿನ ಹಾಗೆ ನುಸುಳಿ ಮೇಲೆ ಹೋದ. ನಾನು ತಲೆ ತೂರಿಸಿದೆ, ಭುಜ ತೂರಿಸಿದೆ, ಹೊಟ್ಟೆಯ ಹತ್ತಿರ ಕಾಮಗಾರಿ ಸ್ಥಗಿತವಾಯಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ನನ್ನ ಹಿಂದೆ ಜರ್ಮನಿ, ಫ್ರಾನ್ಸ್, ಜಪಾನ್, ಸಾಲಾಗಿ ವಿಶ್ವಸಂಸ್ಥೆಯೇ ನಿಂತಿತ್ತು. ಒಬ್ಬರು ಉಸಿರು ಬಿಡಿ ಎಂದರು, ಇನ್ನೊಬ್ಬರು ಎಳೆದುಕೊಳ್ಳಿ ಎಂದರು, ನಾನು ಎರಡನ್ನೂ ಒಟ್ಟಿಗೆ ಮಾಡಲು ಹೋಗಿ ಬಿಕ್ಕಳಿಕೆ ಹತ್ತಿಸಿಕೊಂಡೆ. ಪೂರ್ವ ದಿಕ್ಕು ಕೆಂಪೇರಿತು. ಸಾವಿರಾರು ಮೈಲಿಯಿಂದ ಸೂರ್ಯೋದಯ ನೋಡಲು ಬಂದವರಿಗೆ ನನ್ನ ಹಿಂಭಾಗ ಮಾತ್ರ ಕಾಣಿಸುತ್ತಿತ್ತು. ಕೊನೆಗೆ ಮೇಲಿಂದ ಭಾಮೈದ ಎಳೆದ, ಕೆಳಗಿಂದ ಯುರೋಪು ತಳ್ಳಿತು. ನಾನು ಹೊರಬಂದೆ, ಲುಂಗಿ ಬರಲಿಲ್ಲ. ಒಳಗೆ ಬರ್ಮುಡಾ ಇದ್ದದ್ದು ಹಿರಿಯರು ಮಾಡಿದ ಪುಣ್ಯ. ಮೇಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಸೂರ್ಯನಿಗೆ ಇರಬೇಕು ಎಂದುಕೊಂಡು ನಾನೂ ತಟ್ಟಿದೆ.

ಕ್ಯಾಂಡಿಯಲ್ಲಿ ಹೇಳಿಕೊಳ್ಳುವಂಥ ಅನಾಹುತ ಆಗಲಿಲ್ಲ. ಇಡೀ ದಿನ ಮಳೆ ಬಂದು ರೂಮಿನಲ್ಲೇ ಇದ್ದೆವು, ಅದೂ ಕಾರಣವಿರಬಹುದು.

ಅಲ್ಲಿಂದ ನುವರ ಎಲಿಯಕ್ಕೆ ರೈಲು. ರಿಸರ್ವೇಷನ್ ಎಂದೋ ಮುಗಿದಿತ್ತು, ಥರ್ಡ್ ಕ್ಲಾಸಿನ ಬಾಗಿಲ ಬಳಿ ನಿಂತು ಪ್ರಯಾಣ. ನಿಂತವನಿಗೆ ಸುಮ್ಮನಿರಲು ಬರಬೇಕಲ್ಲ! ಈ ಹಳಿ 1867ರಲ್ಲಿ ಕ್ಯಾಂಡಿ ಮುಟ್ಟಿದ್ದು ಟೀಗಾಗಿ ಅಲ್ಲ ಕಣೋ, ಕಾಫಿಗಾಗಿ; ಆಮೇಲೆ ಎಲೆಗೆ ತುಕ್ಕು ರೋಗ ಬಂದು ಕಾಫಿ ತೋಟಗಳು ಹಾಳಾದವು, ಆ ಜಾಗಕ್ಕೆ ಟೀ ಬಂತು ಎಂದು ಭಾಮೈದನಿಗೆ, ಆ ಮೂಲಕ ಇಡೀ ಬೋಗಿಗೆ ಭಾಷಣ ಬಿಗಿಯುತ್ತಿದ್ದೆ. ಕಾಫಿ ಕಳಕೊಂಡ ಜನ ಎಂದು ಅವರ ಮೇಲೆ ವಿಶೇಷ ಮರುಕ ತೋರಿಸಿದೆ. ಅಷ್ಟರಲ್ಲಿ “ಇಸ್ಸೊ ವಡೆ, ಇಸ್ಸೊ ವಡೆ” ಎಂದು ಬುಟ್ಟಿ ಬಂತು. ವಡೆ! ಮದ್ದೂರು ಸ್ಟೇಷನ್ನೇ ಬಂದ ಹಾಗಾಗಿ ಎರಡು ಕಟ್ಟಿಸಿಕೊಂಡೆ. ಯಾವುದೋ ಮಗುವಿನ ಲೆಕ್ಕದ ಪುಸ್ತಕದ ಹಾಳೆಯಲ್ಲಿ ಸುತ್ತಿಕೊಟ್ಟರು. ಒಂದು ಭಾಗಾಕಾರಕ್ಕೆ ಟೀಚರು ಕೆಂಪು ಶಾಯಿಯಲ್ಲಿ ತಪ್ಪು ಹಾಕಿದ್ದರು. ಪಾಪ ಮಗುವೇ, ನಿನ್ನ ಸಂಕಟ ನನಗೆ ಗೊತ್ತು ಎಂದುಕೊಳ್ಳುತ್ತ ಪೊಟ್ಟಣ ಬಿಚ್ಚುವಷ್ಟರಲ್ಲಿ ಹ್ಯಾಟನ್ ದಾಟಿದ ರೈಲು ಉದ್ದನೆಯ ಸುರಂಗಕ್ಕೆ ನುಗ್ಗಿತು. ಕಗ್ಗತ್ತಲು. ಅಭ್ಯಾಸಬಲದಿಂದ ದೊಡ್ಡ ತುತ್ತು ಕಚ್ಚಿದೆ. ಗರಿಗರಿ ಇತ್ತು, ಆದರೆ ಬೇರೆ ಥರದ ಗರಿಗರಿ. ಕೆನ್ನೆಗೆ ಏನೋ ಮೀಸೆ ತಾಗಿತು. ನನಗೆ ಮೀಸೆ ಇಲ್ಲ. ಸುರಂಗ ಮುಗಿದು ಬೆಳಕಾದಾಗ ನನ್ನ ಕೈಯಲ್ಲಿ ಅರ್ಧ ವಡೆ, ಅದರ ಮೇಲೆ ಕಾಲು ಚಾಚಿಕೊಂಡ ಅರ್ಧ ಸೀಗಡಿ. ಇನ್ನರ್ಧ ಎಲ್ಲಿತ್ತು ಎಂದು ಹೇಳಬೇಕೇ? ಹುಟ್ಟಾ ಸಸ್ಯಾಹಾರಿಯಾದ ನಾನು ಉಗಿಯಲು ಬಾಗಿಲಿಗೆ ಹೋದರೆ ಅಲ್ಲಿ ಆರು ಜನ ಕಾಲು ಇಳಿಬಿಟ್ಟು ಕೂತಿದ್ದಾರೆ. ಕಿಟಕಿಗೆ ಹೋದರೆ ಒಬ್ಬರು ಸೆಲ್ಫಿ ತೆಗೆಯುತ್ತಿದ್ದಾರೆ. ಕಣ್ಣು ಮುಚ್ಚಿ ನುಂಗಿದೆ.

ಎದುರು ಸೀಟಿನ ಅಮ್ಮ ನೀರು ಕೊಟ್ಟು, ತಮಿಳು ಇಂಗ್ಲಿಷು ಬೆರೆಸಿ ಸಮಾಧಾನ ಹೇಳಿದರು. ನಾನು ಗಂಟಲು ಸರಿಮಾಡಿಕೊಂಡು, “ಬಂದಾಗಿನಿಂದ ಬರೀ ಇಡಿಯಪ್ಪ, ಕಾಯಿಚಟ್ನಿ ತಿಂದುಕೊಂಡು ವ್ರತ ಕಾಪಾಡಿಕೊಂಡಿದ್ದೆ, ಇವತ್ತು ಹೋಯಿತು” ಎಂದೆ. “ಪೊಲ್ ಸಂಬೋಲಾ?” ಎಂದು ಕೇಳಿದ ಅವರ ಮುಖದಲ್ಲಿ ಅನುಕಂಪ ಇನ್ನೂ ಹೆಚ್ಚಾಯಿತು. ಅದಕ್ಕೆ ಸಾಮಾನ್ಯವಾಗಿ ಉಂಬಲಕಡ ಹಾಕುತ್ತಾರಂತೆ. ಬೇಯಿಸಿ, ಹೊಗೆ ಕೊಟ್ಟು, ಕಟ್ಟಿಗೆಯಷ್ಟು ಗಟ್ಟಿಯಾಗುವ ತನಕ ಒಣಗಿಸಿದ ಮಾಲ್ಡೀವ್ಸ್ ಮೀನು. ಅದನ್ನು ಕುಟ್ಟಿ ಸೇರಿಸುತ್ತಾರಂತೆ. ದಿನಾ ಬೆಳಿಗ್ಗೆ, “ಏನೋ ಒಂದು ಘಮ ಇದೆ ಕಣೋ, ನಮ್ಮ ಕಡೆ ಚಟ್ನಿಗೆ ಬರೋಲ್ಲ” ಎಂದು ಹೊಗಳಿ ಹೊಗಳಿ ಬಡಿಸಿಕೊಂಡದ್ದು ನೆನಪಾಯಿತು. ಭಾಮೈದ ಮಾತ್ರ ಬಂದಾಗಿನಿಂದ ಬ್ರೆಡ್ಡು, ಬಾಳೆಹಣ್ಣಿನಲ್ಲೇ ಇದ್ದ.

“ನಿನಗೆ ಗೊತ್ತಿತ್ತೇನೋ?”

“ಹೂಂ ಭಾವ. ಹೇಳೋಣ ಅಂತ ಬಂದೆ. ಅಷ್ಟರಲ್ಲಿ ನೀವು ಎರಡನೇ ಸಲ ಹಾಕಿಸಿಕೊಳ್ತಾ ಇದ್ದಿರಿ.”

ಈ ಆಘಾತದಲ್ಲಿದ್ದಾಗಲೇ ‘ನಾನುಓಯ’ ಎಂಬ ಸ್ಟೇಷನ್ ಬಂತು. “ಭಾವ, ತುಂಬ ಜನ ಇಳೀತಿದ್ದಾರೆ” ಎಂದ. “ಅವರ ಊರು ಬಂತು, ಇಳೀತಾರೆ. ನಮ್ಮದು ನುವರ ಎಲಿಯ” ಎಂದು ಗದರಿದೆ. ನುವರ ಎಲಿಯ ಎಂಬ ಹೆಸರಿನ ಸ್ಟೇಷನ್ನೇ ಇಲ್ಲ, ಆ ಊರಿಗೆ ಹೋಗುವವರೆಲ್ಲ ನಾನುಓಯದಲ್ಲೇ ಇಳಿಯುತ್ತಾರೆ ಎಂಬುದು ಆಮೇಲೆ ತಿಳಿಯಿತು. ಎಲ್ಲಿ ತಿಳಿಯಿತು ಅಂದರೆ ಪಟ್ಟಿಪೊಲದಲ್ಲಿ. ಲಂಕೆಯ ಅತಿ ಎತ್ತರದ ರೈಲ್ವೆ ಸ್ಟೇಷನ್, 1,891 ಮೀಟರ್. ಉಷ್ಣವಲಯದ ದ್ವೀಪಕ್ಕೆ ಸ್ವೆಟರ್ ಹೊರುವವನು ದಡ್ಡ ಎಂದು ಊರಲ್ಲೇ ತೀರ್ಪು ಕೊಟ್ಟಿದ್ದೆನಲ್ಲ, ಬರ್ಮುಡಾದಲ್ಲಿ ಇಳಿದೆ. ಮಂಜು ಎಷ್ಟಿತ್ತೆಂದರೆ ನನ್ನ ಮೊಣಕಾಲು ನನಗೇ ಕಾಣುತ್ತಿರಲಿಲ್ಲ. ಒಂದಕ್ಕೊಂದು ಬಡಿದುಕೊಳ್ಳುವ ಸದ್ದಿನಿಂದ ಎರಡೂ ಇವೆ ಎಂದು ಗೊತ್ತಾಗುತ್ತಿತ್ತು. ಭಾಮೈದ ಬ್ಯಾಗಿನಿಂದ ಸ್ವೆಟರ್ ತೆಗೆದ. ನೋಡಿದರೆ ನನ್ನದೇ! ಅವನ ಅಕ್ಕ ನನಗೆ ತಿಳಿಯದ ಹಾಗೆ ಅವನ ಬ್ಯಾಗಿನಲ್ಲಿ ತುರುಕಿದ್ದಳು. ನಡುಗುವ ಆತುರದಲ್ಲಿ ಕುತ್ತಿಗೆಯನ್ನು ತೋಳಿನೊಳಗೆ ತೂರಿಸಿ, ಅಲ್ಲೇ ಸಿಕ್ಕಿಕೊಂಡು, ಕುರುಡನಂತೆ ಪ್ಲಾಟ್‌ಫಾರ್ಮಿನಲ್ಲಿ ಓಲಾಡುವಾಗ ರೈಲು ಬಂದ ಸದ್ದಾಯಿತು.

“ಹತ್ತೋ!” ಎಂದು ಉಣ್ಣೆಯೊಳಗಿನಿಂದ ಕೂಗಿದೆ.

“ಭಾವ, ನಾವು ಬಂದದ್ದೂ ಇದೇ ಕಡೆಯಿಂದ...”

“ವಾದ ಬೇಡ, ಹತ್ತು!”

ಹತ್ತಿದೆವು. ಒಂದು ಸುರಂಗ ಬಂತು. ಆಚೆ ಬದಿಗೆ ಮಂಜೂ ಇಲ್ಲ, ನುವರ ಎಲಿಯವೂ ಇಲ್ಲ. ಓಹಿಯ ಬಂತು, ಹಪುತಳೆ ಬಂತು. 1924ರಲ್ಲಿ ಬದುಲ್ಲದ ತನಕ ಹಳಿ ಹಾಕಿ ಮುಗಿಸಿದ ಪುಣ್ಯಾತ್ಮರು ಸ್ವಲ್ಪ ಮೊದಲೇ ನಿಲ್ಲಿಸಬಾರದಿತ್ತೇ ಎನಿಸಿತು. ಹಣ ವಾಪಸಿಲ್ಲ ಎಂಬ ಷರತ್ತಿನ ಮೇಲೆ ಪೂರ್ತಿ ಪಾವತಿಸಿದ್ದ ರೂಮು ಹಿಂದೆ ಹಿಂದೆ ಹೋಗುತ್ತಿತ್ತು. ಎಲ್ಲ ಕಡೆಯ ಪ್ರವಾಸಿಗರೂ ಎಲ್ಲ ಎಂಬ ಊರಲ್ಲಿ ಇಳಿದರು, ಅವರ ಜೊತೆ ನಾವೂ ಇಳಿದೆವು.

ರಾತ್ರಿ ಹೋಂಸ್ಟೇ ಜಗಲಿಯಲ್ಲಿ ಬೆನ್ನಿಗೆ ಬ್ಯಾಗು ಹಾಕಿದ ಹುಡುಗಿಯೊಬ್ಬಳು, ಯಾವುದೋ ದೂರದ ದೇಶದವಳು, ಆಗಷ್ಟೇ ಬಂದಳು. ನಾವು ಲೋಕಲ್ ಬಸ್ಸು ರೈಲಿನಲ್ಲೇ ಸುತ್ತಿದ್ದೇವೆಂದು ತಿಳಿದು ಅವಳಿಗೆ ಭಕ್ತಿಯೇ ಹುಟ್ಟಿತು. ನೋಟ್‌ಬುಕ್ ತೆಗೆದು ಸಲಹೆ ಕೇಳಿದಳು. ಕೇಳಿದರೆ ಬಿಡುವವನೇ ನಾನು? ಪಟ್ಟಿಪೊಲ ಜನ ನೋಡದೇ ಬಿಡುತ್ತಾರೆ, ನೀನು ಇಳಿದು ಮಂಜು ನೋಡು. ಹಬರಣೆಯ ಬಸ್ಸಿನಲ್ಲಿ ಕಂಬಿ ಗಟ್ಟಿಯಾಗಿ ಹಿಡಿದುಕೋ. ಪಿದುರಂಗಲಕ್ಕೆ ಸ್ವಲ್ಪ ತಡವಾಗಿಯೇ ಹೋಗು, ಸೂರ್ಯೋದಯಕ್ಕೆ ವಿಪರೀತ ರಶ್ಶು ಎಂದೆ. ಎಲ್ಲ ಬರೆದುಕೊಂಡಳು. ನಾಳೆ ನಾವು ಬಸ್ಸಿನಲ್ಲಿ ಮಾತರ ಕಡೆ ಇಳಿಯುತ್ತೇವೆ ಎಂದಾಗ, ತಾನೂ ನಮ್ಮ ಜೊತೆಗೇ ಬರಬಹುದೇ ಎಂದು ಕೇಳಿದಳು. ನಾನು ಧಾರಾಳವಾಗಿ ಬಾಯಿ ತೆರೆಯುವ ಮೊದಲೇ, ಪ್ರವಾಸದುದ್ದಕ್ಕೂ ಅಪರಿಚಿತರೊಡನೆ ಒಂದು ಮಾತೂ ಆಡದಿದ್ದ ಭಾಮೈದ ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿದ:

“ನಾನಂತೂ ನಮ್ಮಕ್ಕನಿಗೆ ಮಾತು ಕೊಟ್ಟು ಸಿಕ್ಕಿಹಾಕಿಕೊಂಡಿದ್ದೀನಿ. ನಿನಗೇನಮ್ಮ ಬಂದಿದೆ?”