ಯಾರದು ದಾಸವಾಳದ ಹತ್ತಿರ?

ನಮ್ಮ ಮನೆಯಲ್ಲಿ ಕದಿಯುವಂಥದ್ದೇನೂ ಇಲ್ಲ ಎಂಬುದು ನಮ್ಮವರ ವಾದ. ಬ್ಯಾಂಕಿನ ಲಾಕರಿಗೆ ಬಾಡಿಗೆ ಕಟ್ಟಿ ಬಂದ ದಿನವೂ ಇದನ್ನೇ ಹೇಳುತ್ತಾರೆ. ಇಲ್ಲದ್ದಕ್ಕೆ ಕಾವಲು ಯಾಕೆ ಎಂದು ಅವರು; ಇಲ್ಲ ಅಂತ ಕಳ್ಳನಿಗೆ ಗೊತ್ತಾಗುವಷ್ಟರಲ್ಲಿ ಬೀರುವಿನ ಬಾಗಿಲು ಹೋಗಿರುತ್ತದಲ್ಲ ಎಂದು ನಾನು. ಈ ಚರ್ಚೆ ನನ್ನ ಪರವಾಗಿ ಮುಗಿದದ್ದು ಎದುರು ಮನೆಯವರು ನಾಲ್ಕು ಕ್ಯಾಮೆರಾ ಹಾಕಿಸಿದ ಮೇಲೆ. ಅದರಲ್ಲೊಂದು ನೆಟ್ಟಗೆ ನಮ್ಮ ಗೇಟನ್ನೇ ನೋಡುತ್ತಿತ್ತು. ನಾನು ಎಷ್ಟು ಹೊತ್ತಿಗೆ ರಂಗೋಲಿ ಹಾಕುತ್ತೇನೆ, ಯಾವ ನೈಟಿಯಲ್ಲಿ ಹಾಲು ತೆಗೆದುಕೊಳ್ಳುತ್ತೇನೆ ಎಂಬುದೆಲ್ಲ ಅವರ ಹಾರ್ಡ್‌ಡಿಸ್ಕಿನಲ್ಲಿರುವಾಗ, ಅದೇ ಮಾಹಿತಿ ನಮ್ಮ ಬಳಿ ಇರಬಾರದೇ?

ಅಂಗಡಿಯ ಹುಡುಗ, ಸೀರೆ ಅಂಗಡಿಯಲ್ಲಿ ‘ಎಷ್ಟರೊಳಗೆ ತೋರಿಸಲಿ’ ಅನ್ನುವ ಹಾಗೆ, ‘ಎಷ್ಟು ಮೆಗಾಪಿಕ್ಸೆಲ್ ಬೇಕು ಮೇಡಂ’ ಎಂದ. ನಾನು ತಯಾರಾಗಿಯೇ ಹೋಗಿದ್ದೆ. ಮನೆಗೆ ಎರಡು ಮೆಗಾಪಿಕ್ಸೆಲ್ ಸಾಕು, 1920ಕ್ಕೆ 1080 ಚುಕ್ಕಿ. ನೀನು ಮೊದಲು ಲೆನ್ಸ್ ಎಷ್ಟು ಎಂ.ಎಂ. ಹೇಳು ಎಂದೆ. ಹುಡುಗ ಎದ್ದು ನಿಂತ. ಆ ಗಳಿಗೆಯ ಸುಖವನ್ನು ನಾನು ಇವತ್ತಿಗೂ ಮೆಲುಕು ಹಾಕುತ್ತೇನೆ. ಸಂಗತಿ ಇಷ್ಟೇ: 2.8 ಎಂ.ಎಂ. ಲೆನ್ಸಿನಲ್ಲಿ ಇಡೀ ಅಂಗಳ ಕಾಣುತ್ತದೆ, ಗೇಟಿನಲ್ಲಿ ನಿಂತವನು ಭಾವನೋ ಭಿಕ್ಷುಕನೋ ತಿಳಿಯುವುದಿಲ್ಲ. 6 ಎಂ.ಎಂ. ಹಾಕಿಸಿದರೆ ಅವನ ಗಲ್ಲದ ಮಚ್ಚೆಯೂ ಕಾಣುತ್ತದೆ, ಪಕ್ಕದಲ್ಲೇ ಕಾಂಪೌಂಡು ಹಾರುವವನು ಮಾತ್ರ ಕಾಣುವುದಿಲ್ಲ. ತೀರಾ ಮೇಲೆ ಕಟ್ಟಿಸಿದರೆ ಕಳ್ಳನ ನಡುನೆತ್ತಿ ಸಿಗುತ್ತದೆ. ಅದನ್ನು ಹಿಡಿದುಕೊಂಡು ಠಾಣೆಗೆ ಹೋದರೆ ಅವರೇನು ಮಾಡಿಯಾರು?

ಆಮೇಲೆ ಚಿತ್ರ ದಾಖಲಿಸುವ ಪೆಟ್ಟಿಗೆ ಡಿವಿಆರೋ ಎನ್‌ವಿಆರೋ ಎಂಬ ಪ್ರಶ್ನೆ. ಮೊದಲನೆಯದರಲ್ಲಿ ಟಿವಿ ಕೇಬಲ್ಲಿನಂಥ ದಪ್ಪ ವೈರು, ಕರೆಂಟಿಗೆ ಬೇರೆ ತಂತಿ. ಎರಡನೆಯದರಲ್ಲಿ ಒಂದೇ ನೆಟ್‌ವರ್ಕ್ ಕೇಬಲ್ಲಿನಲ್ಲಿ ಚಿತ್ರ, ಕರೆಂಟು ಎರಡೂ ನೂರು ಮೀಟರಿನವರೆಗೆ ಹೋಗುತ್ತವೆ. ದುಡ್ಡು ಜಾಸ್ತಿ, ಗೋಡೆಗೆ ತೂತು ಕಡಿಮೆ. ತೂತು ಕಡಿಮೆಯದ್ದನ್ನೇ ಆರಿಸಿದೆ. ಡಿಸ್ಕಿನ ಲೆಕ್ಕವನ್ನು ದಿನಸಿ ಚೀಟಿಯ ಹಿಂದೆ ಮಾಡಿದೆ: ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಬರೆದರೆ ದಿನಕ್ಕೆ 21 ಜಿಬಿ ಚಿಲ್ಲರೆ, ನಾಲ್ಕಕ್ಕೆ 86. ಒಂದು ಟಿಬಿ ಡಿಸ್ಕು ಹನ್ನೊಂದು ದಿನ ದಾಟುವಷ್ಟರಲ್ಲಿ ತುಂಬಿ, ಹಳೆಯದನ್ನು ತಾನೇ ಅಳಿಸಿಕೊಂಡು ಮುಂದಕ್ಕೆ ಹೋಗುತ್ತದೆ. ‘ಹಳೆಯದನ್ನು ಮರೆಯುವ ಯಂತ್ರ ಮನೆಗೆ ಬರ್ತಿದೆ, ನೋಡಿ ಕಲಿ’ ಎಂದರು ನಮ್ಮವರು.

ಪಾಸ್‌ವರ್ಡನ್ನು ಹುಡುಗನ ಕೈಗೆ ಬಿಡಲಿಲ್ಲ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ, ಡಿವಿಆರ್‌ಗಳನ್ನು ವಶಕ್ಕೆ ತೆಗೆದುಕೊಂಡೇ 2016ರಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶ ಟ್ವಿಟರ್, ನೆಟ್‌ಫ್ಲಿಕ್ಸ್‌ಗಳನ್ನು ಕೆಲವು ಗಂಟೆ ಕೆಡವಿ ಹಾಕಿತ್ತು. ಯಾರದೋ ಮನೆಯ ಗೇಟು ಕಾಯುವ ಕ್ಯಾಮೆರಾ ಹೋಗಿ ಅಮೆರಿಕದ ಕತ್ತು ಹಿಸುಕಿದ್ದು! ನಮ್ಮದರಿಂದ ಅಂಥದ್ದಾಗಬಾರದೆಂದು ಮನೆದೇವರ ಹೆಸರಿಗೆ ನಮ್ಮ ಮದುವೆಯ ಇಸವಿ ಸೇರಿಸಿದೆ. ಮದುವೆಯ ಇಸವಿ ನಮ್ಮವರಿಗೆ ನೆನಪಿರುವುದಿಲ್ಲವಾದ್ದರಿಂದ ಮನೆಯೊಳಗಿನ ಭದ್ರತೆಯೂ ಆಯಿತು.

ಮನೆಗೆ ಇಂಥದ್ದೊಂದು ವ್ಯವಸ್ಥೆ ಬೇಕು ಎಂದು ಹೊಳೆದದ್ದೂ ಒಬ್ಬ ಹೆಂಗಸಿಗೇ ಎಂದು ಅವರಿಗೆ ಆಗಾಗ ನೆನಪಿಸುತ್ತೇನೆ. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿದ್ದ ನರ್ಸ್ ಮೇರಿ ವ್ಯಾನ್ ಬ್ರಿಟನ್ ಬ್ರೌನ್, ಗಂಡನ ಜೊತೆ ಸೇರಿ 1966ರಲ್ಲಿ ಅರ್ಜಿ ಹಾಕಿ 1969ರಲ್ಲಿ ಪೇಟೆಂಟ್ ಪಡೆದಳು. ಬಾಗಿಲಲ್ಲಿ ಬೇರೆಬೇರೆ ಎತ್ತರದ ಇಣುಕುಗಿಂಡಿಗಳು, ಅವುಗಳ ಹಿಂದೆ ಏರಿಳಿಯುವ ಕ್ಯಾಮೆರಾ, ಒಳಗೊಂದು ಟಿವಿ, ಹೊರಗಿದ್ದವರನ್ನು ವಿಚಾರಿಸಲು ಮೈಕು. ಆ ಮೈಕಿನ ಮೇಲೆ ನನಗೆ ವಿಶೇಷ ಗೌರವ. ಗೇಟಿನ ಕ್ಯಾಮೆರಾಕ್ಕೆ ಮೈಕು, ಸ್ಪೀಕರು ಎರಡೂ ಇರುವುದನ್ನೇ ಹಟ ಹಿಡಿದು ತರಿಸಿದೆ.

ಅದರ ಉದ್ಘಾಟನೆ ಅರಸೀಕೆರೆಯ ಒಂದು ಛತ್ರದಲ್ಲಾಯಿತು. ಚಿಕ್ಕಪ್ಪನ ಮೊಮ್ಮಗಳ ಮದುವೆ, ಎರಡನೇ ಪಂಕ್ತಿ. ಬಲಗೈ ಸಾರನ್ನದಲ್ಲಿದ್ದಾಗ ಎಲೆಯ ಪಕ್ಕದಲ್ಲಿದ್ದ ಫೋನು ಗುಂಯ್‌ಗುಟ್ಟಿತು: ಮನುಷ್ಯಾಕೃತಿ ಪತ್ತೆ. ಎಡಗೈಯಲ್ಲಿ ತೆರೆದು ನೋಡುತ್ತೇನೆ, ಮೈಸೂರಿನ ನಮ್ಮ ಕಾಂಪೌಂಡಿನ ಮೇಲಿಂದ ಒಂದು ಕೈ ಒಳಗೆ ಬಂದು ಕೆಂಪು ದಾಸವಾಳವನ್ನು ಹುಡುಕುತ್ತಿದೆ. ಕೈಯ ಒಡೆಯ ಗೋಡೆಯ ಮರೆಯಲ್ಲಿದ್ದಾನೆ, ಒಂದು ಬುಟ್ಟಿಯ ಅಂಚು ಮಾತ್ರ ಕಾಣುತ್ತಿದೆ. ಮೈಕಿನ ಗುರುತನ್ನು ಹೆಬ್ಬೆರಳಲ್ಲಿ ಒತ್ತಿ, ಮೈಸೂರಿನವರೆಗೂ ಕೇಳಿಸಬೇಕಲ್ಲ ಎಂದು ಗಂಟಲು ಏರಿಸಿ ‘ಯಾರದು ದಾಸವಾಳದ ಹತ್ತಿರ?’ ಎಂದು ಗದರಿದೆ.

ಪಂಕ್ತಿ ಸ್ತಬ್ಧವಾಯಿತು. ಹೋಳಿಗೆ ಬಡಿಸುತ್ತಿದ್ದವನು ನನ್ನ ಎಲೆಯಿಂದ ಕೈ ಹಿಂದಕ್ಕೆಳೆದುಕೊಂಡ. ಎದುರು ಸಾಲಿನಲ್ಲಿದ್ದ ನಮ್ಮವರು ನನ್ನ ಗುರುತೇ ಇಲ್ಲದವರಂತೆ ಉಪ್ಪಿನಕಾಯಿಯನ್ನು ಅಧ್ಯಯನ ಮಾಡತೊಡಗಿದರು. ಛತ್ರದ ನೆಟ್‌ವರ್ಕು ನಿಧಾನ. ದನಿ ತಲುಪಿತೋ ಇಲ್ಲವೋ ತಿಳಿಯದೆ ‘ನಾಚಿಕೆ ಆಗೋದಿಲ್ವಾ? ಪೊಲೀಸರನ್ನ ಕರೀತೀನಿ!’ ಎಂದು ಇನ್ನೊಂದು ಬಿಟ್ಟೆ. ಪಕ್ಕದ ಅಜ್ಜಿ ಎಲೆ ಬಿಟ್ಟು ನನ್ನ ಹೆಗಲ ಮೇಲೆ ವಾಲಿದರು. ಆಚೆ ಪಕ್ಕದವರು ‘ಸ್ವಲ್ಪ ಈ ಕಡೆ ತಿರುಗಿಸಿ’ ಎಂದರು. ಎಲ್ಲರೂ ಕಾದೆವು. ಮೊದಲ ಗದರಿಕೆ ಕೊನೆಗೂ ಮೈಸೂರು ಮುಟ್ಟಿರಬೇಕು, ಪರದೆಯ ಮೇಲೆ ಒಂದು ತಲೆ ಎದ್ದಿತು, ಕ್ಯಾಮೆರಾ ಕಂಡು ಮುಖ ಅರಳಿಸಿತು. ನನ್ನ ಮಗನಿಗೆ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟ ಮೇಷ್ಟ್ರು!

‘ಓ, ಮನೇಲೇ ಇದ್ದೀರಾ ತಾಯಿ? ಬೀಗ ನೋಡಿ ಇಲ್ಲ ಅಂದ್ಕೊಂಡೆ. ಆ ಮೇಲಿನ ಕೊಂಬೆ ಎಟುಕ್ತಿಲ್ಲ, ಒಂದು ಕೋಲಿದ್ರೆ ಕೊಡ್ತೀರಾ?’

ಸ್ಪೀಕರ್ ಆನ್ ಇತ್ತು, ಪಂಕ್ತಿಯೆಲ್ಲ ಕೇಳಿಸಿಕೊಂಡಿತು. ದೇವರ ಪೂಜೆಗಲ್ವೇ, ಕೊಡು ಎಂದರು ಅಜ್ಜಿ. ಇವತ್ತು ಕೋಲು ಕೊಟ್ಟರೆ ನಾಳೆ ಏಣಿ ಕೇಳುತ್ತಾರೆ ಎಂದಿತು ಎದುರು ಸಾಲು. ಹುಡುಗನ ಕಡೆಯವರೊಬ್ಬರು ‘ಬಣ್ಣ ಚೆನ್ನಾಗಿ ಬಂದಿದೆ, ಎಷ್ಟಾಯ್ತು?’ ಎಂದು ವಿಚಾರಿಸಿದರು. ನಾನು ಮಗನ ಅಂಕಪಟ್ಟಿಯನ್ನು ನೆನೆದು, ದನಿಗೆ ಜೇನು ಸವರಿ, ಕೋಲು ಇರುವ ಜಾಗ ಹೇಳಿದೆ. ನೆಟ್‌ವರ್ಕು ಅಷ್ಟರಲ್ಲಿ ಚುರುಕಾಗಿ, ಹಿಂದಿನ ಬಾಕಿಯನ್ನೂ ಸೇರಿಸಿ ಒಟ್ಟಿಗೆ ಒಪ್ಪಿಸಿತು. ಹೀಗಾಗಿ ಮೇಷ್ಟ್ರಿಗೆ ಕೇಳಿಸಿದ್ದು: ‘ನಾಚಿಕೆ ಆಗೋದಿಲ್ವಾ? ಪೊಲೀಸರನ್ನ ಕರೀತೀನಿ! ಕೋಲು ಕಾಂಪೌಂಡಿನ ಮೂಲೇಲಿದೆ ಸಾರ್, ಕೈ ಹಾಕಿದ್ರೆ ಸಿಗುತ್ತೆ.’

ಅವರು ಕೈ ಹಾಕಿದರು. ಸಿಕ್ಕಿತು.

ಉಳಿದದ್ದೆಲ್ಲ ಎಲ್ಲರ ಮನೆಯ ಕತೆ. ರಾತ್ರಿ ಕ್ಯಾಮೆರಾದ ದೀಪಕ್ಕೆ ಹುಳ ಬರುತ್ತದೆ, ಹುಳಕ್ಕೆ ಜೇಡ ಬರುತ್ತದೆ, ಜೇಡಕ್ಕೆ ನಾವು ಎಚ್ಚರಾಗುತ್ತೇವೆ. ಕರೆಂಟು ಹೋದಾಗ ರೂಟರೂ ಇನ್ವರ್ಟರಿನಲ್ಲಿ ಇರಬೇಕೆಂದು ಹುಡುಗ ಮೊದಲೇ ಹೇಳುವುದಿಲ್ಲ. ಹೇಳಿದರೆ ಅವನು ಇನ್ನೊಂದು ಸಲ ಬಂದು ವಿಸಿಟಿಂಗ್ ಚಾರ್ಜ್ ತೆಗೆದುಕೊಳ್ಳುವುದು ಹೇಗೆ?

ಎದುರು ಮನೆಯವರ ಜೊತೆ ನ್ಯಾಯವೂ ಆಯಿತು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ್ದಾರೆ, ಅರ್ಜಿ ಹಾಕಿದ ಪುಟ್ಟಸ್ವಾಮಿಯವರು ನಮ್ಮ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಯಾಗಿದ್ದವರು ಎಂದು ಗೇಟಿನಲ್ಲಿ ನಿಂತು ಭಾಷಣ ಮಾಡಿದೆ. ಅವರು ಮರುಮಾತಿಲ್ಲದೆ ತಮ್ಮ ಕ್ಯಾಮೆರಾ ತಿರುಗಿಸಿದರು. ನಮ್ಮ ಕೆಲಸದಾಕೆ ಪೊರಕೆ ಹಿಡಿದು ಎಲ್ಲವನ್ನೂ ಕೇಳುತ್ತಿದ್ದಳು.

ಅವಳು ಮೊದಲೆಲ್ಲ ಪಾತ್ರೆ ತೊಳೆದಾದ ಮೇಲೆ ಹಿತ್ತಲ ಮೆಟ್ಟಿಲ ಮೇಲೆ ಕೂತು, ಕಾಲು ಚಾಚಿ, ಕಾಫಿ ಕುಡಿಯುತ್ತ ಮಗಳಿಗೆ ಫೋನು ಮಾಡುತ್ತಿದ್ದಳು. ಕ್ಯಾಮೆರಾ ಬಂದ ಮೇಲೆ ಲೋಟ ಹಿಡಿದು ನಲ್ಲಿಯ ಆಚೆ ಹೋಗಿ ನಿಂತೇ ಕುಡಿಯುತ್ತಾಳೆ. ಚಿತ್ರದಿಂದ ಹೊರಗೆ ಹೋದದ್ದೆಷ್ಟಕ್ಕೆ, ಒಳಗೆ ಬಂದದ್ದೆಷ್ಟಕ್ಕೆ ಎಂದು ಪರದೆಯ ಮೂಲೆಯ ಗಡಿಯಾರ ಹೇಳುತ್ತದೆ. ಆ ಲೆಕ್ಕವನ್ನು ನಾನು ಕೇಳಿರಲಿಲ್ಲ. ಕಣ್ಣು ಮಾತ್ರ ಅಲ್ಲೇ ಹೋಗುತ್ತದೆ. ಇಂಥದ್ದಕ್ಕೆ ‘ಪ್ರೈವೆಸಿ ಮಾಸ್ಕ್’ ಎಂಬ ಸೌಲಭ್ಯವಿದೆ, ಬೇಡದ ಜಾಗಕ್ಕೆ ಕಪ್ಪು ಚೌಕ ಎಳೆದರೆ ಅಷ್ಟು ಭಾಗ ದಾಖಲಾಗುವುದಿಲ್ಲ. ಮೆಟ್ಟಿಲ ಮೇಲೆ ಚೌಕ ಎಳೆದು ಅವಳನ್ನು ಕರೆದು ತೋರಿಸಿದೆ. ತುಂಬಾ ಹೊತ್ತು ನೋಡಿದಳು.

‘ಕಪ್ಪು ನಿಮಗೆ ಕಾಣೋದಲ್ವಾ ಅಮ್ಮಾ, ಅದಕ್ಕೇನು ಕಾಣುತ್ತೋ’ ಎಂದಳು. ಈಗಲೂ ನಲ್ಲಿಯ ಆಚೆಯೇ ನಿಲ್ಲುತ್ತಾಳೆ.

ಮೇಷ್ಟ್ರಿಗೆ ಅಂಥ ಸಂಕೋಚವಿಲ್ಲ. ಬೆಳಿಗ್ಗೆ ಕ್ಯಾಮೆರಾಕ್ಕೆ ನಮಸ್ಕಾರ ಹೇಳಿ, ಕಿತ್ತ ಹೂವಿನ ಲೆಕ್ಕ ಒಪ್ಪಿಸಿ ಹೋಗುತ್ತಾರೆ. ಮೊನ್ನೆ ‘ತಾಯಿ, ನಿಮ್ಮ ಟ್ಯಾಂಕು ತುಂಬಿ ಹರೀತಿದೆ’ ಎಂದು ಕೂಗಿದರು. ನಾಲ್ಕರಲ್ಲಿ ಒಂದೂ ಟ್ಯಾಂಕಿನ ಕಡೆ ನೋಡುತ್ತಿರಲಿಲ್ಲ. ಐದನೆಯದು ಹಾಕಿಸೋಣವೆಂದರೆ ನಮ್ಮ ಎನ್‌ವಿಆರ್ ನಾಲ್ಕು ಚಾನೆಲ್ಲಿನದು, ಎಂಟರದ್ದೇ ತರಬೇಕು. ಎಂಟರದ್ದು ತಂದರೆ ಮೂರು ಖಾಲಿ ಉಳಿಯುತ್ತವೆ. ಆ ಮೂರನ್ನು ಎಲ್ಲೆಲ್ಲಿ ಹಾಕಿಸುವುದು ಎಂದು ದಿನಸಿ ಚೀಟಿಯ ಹಿಂದೆ ಬರೆಯುತ್ತಿದ್ದೇನೆ, ನಮ್ಮವರಿಗೆ ಇನ್ನೂ ಹೇಳಿಲ್ಲ.