ಸಂಧಾನ ಪರ್ವ

(ಬ್ರಸೆಲ್ಸ್, 2011ರ ಡಿಸೆಂಬರ್)

ಪೌರ: ಸ್ವಾಮಿ, 2010ರ ಜೂನ್ 13ರಂದು ನಾವು ಮತವಿತ್ತು ಮನೆಗೆ ಮರಳಿದ ತರುವಾಯ, ಅರಸರು ಒಬ್ಬರಾದ ಮೇಲೊಬ್ಬರಂತೆ ಸಂಧಾನಕಾರರನ್ನು ನಿಯಮಿಸುತ್ತಲೂ, ಅವರಲ್ಲಿ ಬಹುಮಂದಿ ಸವಿನಯವಾಗಿ ಕೈಚೆಲ್ಲುತ್ತಲೂ 541 ದಿನಗಳು ಸಂದುವಷ್ಟೆ, ಅದುವರೆಗೆ ಬೆಲ್ಜಿಯಮ್ಮಿನ ರಾಜ್ಯಭಾರವನ್ನು ವಹಿಸಿದವರಾರು?

ಸಂಧಾನಕಾರ: ಸೋತವರು! ಹಂಗಾಮಿಗಳೆಂಬ ಬಿರುದನ್ನು ಧರಿಸಿ, ಐರೋಪ್ಯ ಒಕ್ಕೂಟದ ಸರದಿ ಅಧ್ಯಕ್ಷತೆಯನ್ನು ನಿರ್ವಹಿಸಿದುದಲ್ಲದೆ, ಲಿಬಿಯಕ್ಕೆ ಯುದ್ಧವಿಮಾನಗಳನ್ನೂ ಕಳುಹಿದರು.

ಪೌರ: ಗೆದ್ದವರು?

ಸಂಧಾನಕಾರ: 27 ಸ್ಥಾನಗಳೊಡನೆ ಅಗ್ರಗಣ್ಯವಾದ ಪಕ್ಷವು ಹೊರಗಿದೆ, ಉಳಿದವರಲ್ಲಿ ಆರು ಪಕ್ಷಗಳು ಒಳಗಿವೆ. ಇದೇ ಜನಾದೇಶ.

(ಪೌರನು ನಗದಿದ್ದುದು ಅವನ ಸೌಜನ್ಯ.)

ಪೌರ: ಈ ಆರನ್ನು ಬೆಸೆದ ಮಹಾತತ್ತ್ವವಾವುದು?

ಸಂಧಾನಕಾರ: ತತ್ತ್ವವೆಲ್ಲಿಯದಯ್ಯ! ನವೆಂಬರಿನಲ್ಲಿ ದೇಶದ ಸಾಲಯೋಗ್ಯತೆಯ ದರ್ಜೆ ಇಳಿಯಿತು. ಡಿಸೆಂಬರ್ 6ರಂದು ಪ್ರಮಾಣವಚನವಾಯಿತು.