ಪುಟಕ್ಕೊಬ್ಬ ಪ್ರಮುಖ

ಮತದಾರರ ಪಟ್ಟಿಯ ಪುಟಕ್ಕೊಬ್ಬ ಕಾರ್ಯಕರ್ತ. ಬಿಜೆಪಿಯವರು ಆತನನ್ನು ‘ಪೇಜ್ ಪ್ರಮುಖ್’ ಅನ್ನುತ್ತಾರೆ. ಪುಟಕ್ಕೆ 30 ಹೆಸರು ಅಷ್ಟೆ. ಹಳ್ಳಿಯಲ್ಲಾದರೆ ಎರಡು ಲೋಟ ಕಾಫಿಯಲ್ಲಿ ಮುಗಿಯುವ ಕೆಲಸ. ಬೆಂಗಳೂರಿನಂಚಿನ ಬೊಮ್ಮಸಂದ್ರದಲ್ಲಿ? ಪಕ್ಕದ ಅಪಾರ್ಟ್‌ಮೆಂಟಿಗೆ ಕಾಲಿಡಲು ಮೊದಲು ಸೆಕ್ಯುರಿಟಿಯವನ ಪುಸ್ತಕದಲ್ಲಿ ತನ್ನ ಹೆಸರನ್ನೇ ಬರೆಯಬೇಕು. ಬಾಗಿಲು ತಟ್ಟಿದರೆ ನೈಟ್ ಶಿಫ್ಟ್ ಮುಗಿಸಿ ಮಲಗಿದವನ ಗೊರಕೆ. ಎದ್ದು ಬಂದವನ ವೋಟು ಹಾವೇರಿಯಲ್ಲಿ!

“ಅಣ್ಣಾ, ಫಾರಂ 8 ತುಂಬಿ, ವೋಟು ಇಲ್ಲಿಗೇ ಹಾಕಿಸ್ಕೊಳ್ಳಿ.”

“ಊರಿಗೆ ಹೋಗೋಕೆ ಇರೋ ನೆಪಾನೂ ಕಿತ್ಕೋತೀರಾ?”

ಇನ್ನು 2024ರ ಲೋಕಸಭೆಗೆ ಇಲ್ಲಿ ಮತದಾನ ಏಪ್ರಿಲ್ 26, ಶುಕ್ರವಾರ. ಹಿಂದೆಯೇ ಶನಿವಾರ, ಭಾನುವಾರ. ಟೆಕ್ಕಿಗಳನ್ನು ಹುಡುಕಲು ಪ್ರಮುಖರು ಚಿಕ್ಕಮಗಳೂರಿಗೇ ಬಸ್ಸು ಹತ್ತಬೇಕಿತ್ತೇನೋ. ಮನೆಯಲ್ಲಿ ಉಳಿಯುವುದು ಅಜ್ಜಿ. ಅವರು ಬಂದ ಪಕ್ಷದವರಿಗೆಲ್ಲ ಮಜ್ಜಿಗೆ ಕೊಟ್ಟು ಹೇಳುತ್ತಾರೆ: “ನಿಂಗೇ ಕಣಪ್ಪಾ!”